ಎಡ ಸಂಘಟನೆಯ ಕೆಲಸಕ್ಕೆ ಹೊಸಬಳು, ಎಲ್ಲಿಂದ ಶುರು ಮಾಡಲಿ?

ಹೊಸಬಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಎಡ ವಿಚಾರಗಳನ್ನು ಓದುತ್ತಾ ಬಂದು ಕೆಲವು ವರ್ಷಗಳಾದವು. ದುಡಿಯುವವರಿಗೆ ಸಿಗಬೇಕಾದದ್ದು ಸಿಗುತ್ತಿಲ್ಲ, ಇದು ತಾನಾಗಿ ಸರಿಹೋಗುವುದೂ ಇಲ್ಲ ಅನ್ನುವುದು ನನಗೆ ಖಚಿತವಾಗಿದೆ. ಮೆರವಣಿಗೆಗಳಿಗೆ ಹೋಗಿದ್ದೇನೆ. ಆನ್‌ಲೈನ್‌ನಲ್ಲಿ ಬರೆದಿದ್ದೇನೆ, ವಾದ ಮಾಡಿದ್ದೇನೆ, ಸಹಿ ಹಾಕಿದ್ದೇನೆ. ಆದರೂ ಇದೆಲ್ಲ ಎಲ್ಲಿಗೆ ಹೋಗಿ ಸೇರುತ್ತಿದೆ ಅಂತ ಗೊತ್ತಾಗುತ್ತಿಲ್ಲ.

ನಾನು ಒಂದು ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಸೋಮವಾರದಿಂದ ಶುರುವಾಗುವ ಶಿಫ್ಟ್ ಪಟ್ಟಿ ಭಾನುವಾರ ರಾತ್ರಿ ಬರುತ್ತದೆ. ಚಿಕ್ಕ ಮಕ್ಕಳಿರುವವರು, ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು ಒದ್ದಾಡಿಹೋಗುತ್ತಾರೆ. ಎಲ್ಲರೂ ಬೈದುಕೊಳ್ಳುತ್ತಾರೆ, ಮುಂದೆ ಏನೂ ಆಗುವುದಿಲ್ಲ. ನಮ್ಮಲ್ಲಿ ಯೂನಿಯನ್ ಇಲ್ಲ.

ಯಾವುದಾದರೂ ಪಕ್ಷ ಸೇರಬೇಕಾ? ಒಂದೇ ಮನಸ್ಸಿನ ಕೆಲವರು ಸೇರಿ ಹೊಸ ಗುಂಪು ಕಟ್ಟಬೇಕಾ? ಇನ್ನೂ ಜಾಸ್ತಿ ಓದಬೇಕಾ? ಇನ್ನೊಂದು ವಿಷಯ, ನನಗೆ ಭಾಷಣ ಬರುವುದಿಲ್ಲ. ಹತ್ತು ಜನರ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ. ಅಂಥವರಿಗೆ ಈ ಕೆಲಸದಲ್ಲಿ ಜಾಗ ಇದೆಯಾ?

ಯೂನಿಯನ್ ಕಾರ್ಯಕರ್ತ

ಸಂಗಾತಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಜಾಗ ಇದೆ. ನಾನು ನೋಡಿದ ಒಳ್ಳೆಯ ಸಂಘಟಕರಲ್ಲಿ ಬಹಳ ಜನ ಮೈಕ್ ಹಿಡಿದವರೇ ಅಲ್ಲ. ಅವರಿಗೆ ಕೇಳಿಸಿಕೊಳ್ಳಲು ಬರುತ್ತದೆ, ಹೇಳಿದ ಮಾತು ನೆನಪಿರುತ್ತದೆ, ಒಪ್ಪಿಕೊಂಡ ಕೆಲಸ ಮಾಡಿ ಮುಗಿಸುತ್ತಾರೆ. ಅಷ್ಟಿದ್ದರೆ ಉಳಿದದ್ದನ್ನು ಕಲಿಯಬಹುದು.

ನೀವು ಹುಡುಕುತ್ತಿರುವ ಕೆಲಸ ನಿಮ್ಮ ಪೋಸ್ಟ್‌ನ ಎರಡನೇ ಪ್ಯಾರಾದಲ್ಲೇ ಇದೆ. ಭಾನುವಾರ ರಾತ್ರಿ ಬರುವ ಆ ಪಟ್ಟಿ. ಅದರಿಂದ ಕಷ್ಟಪಡುವವರು ನಿಮ್ಮ ಪಕ್ಕದ ಸೀಟಿನಲ್ಲೇ ಕೂತಿದ್ದಾರೆ. ಹೊಸ ಗುಂಪು, ಹೊಸ ಹೆಸರು, ಲೋಗೋ, ವಾಟ್ಸಾಪ್ ಗ್ರೂಪ್ ಯಾವುದೂ ಈಗ ಬೇಡ. ಒಂದೇ ಮನಸ್ಸಿನವರು ಸೇರಿ ಕಟ್ಟುವ ಗುಂಪಿನಲ್ಲಿ ಸಾಮಾನ್ಯವಾಗಿ ಆಗಲೇ ಒಪ್ಪಿದವರೇ ಇರುತ್ತಾರೆ. ಇನ್ನೂ ಒಪ್ಪದವರ ಜೊತೆ ಮಾತಾಡುವ ಕಷ್ಟದ ಕೆಲಸ ಹಾಗೇ ಉಳಿಯುತ್ತದೆ.

ಶುರು ಮಾಡುವುದು ಒಬ್ಬೊಬ್ಬರ ಜೊತೆ ಮಾತಿನಿಂದ. ಕೆಲಸದ ಜಾಗದ ಹೊರಗೆ, ಅರ್ಧ ಗಂಟೆ ಬಿಡುವು ಮಾಡಿಕೊಂಡು, ಇಬ್ಬರೇ ಕೂತು ಆಡುವ ಮಾತು. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ.

ಮೊದಲು ಕೇಳಿ. "ಈ ಶಿಫ್ಟ್ ಪಟ್ಟಿಯಿಂದ ನಿಮಗೆ ಮನೆಯಲ್ಲಿ ಏನು ತೊಂದರೆ ಆಗುತ್ತದೆ?" ಅಂತ ಕೇಳಿ ಸುಮ್ಮನಿರಿ. ಅವರು ಒಂದು ಮಾತು ಹೇಳಿ ನಿಲ್ಲಿಸುತ್ತಾರೆ. ನೀವು ಆ ಖಾಲಿ ಜಾಗ ತುಂಬಬೇಡಿ, ಅವರೇ ಮುಂದುವರಿಸುತ್ತಾರೆ. ಸಂಘಟಕರಲ್ಲಿ ಒಂದು ಲೆಕ್ಕ ಚಾಲ್ತಿಯಲ್ಲಿದೆ: ನೂರರಲ್ಲಿ 70 ಪಾಲು ಎದುರಿನವರ ಮಾತು, 30 ಪಾಲು ನಮ್ಮದು. ಹೊಸಬರು ಇದನ್ನು ತಿರುಗಿಸಿಬಿಡುತ್ತಾರೆ. ಓದಿಕೊಂಡವರಿಗೆ ಈ ಕಷ್ಟ ಇನ್ನೂ ಜಾಸ್ತಿ, ಎದುರಿನವರ ನೋವು ಕೇಳುತ್ತಿದ್ದ ಹಾಗೇ ಅದಕ್ಕೊಂದು ಸಿದ್ಧಾಂತದ ವಿವರಣೆ ಬಾಯಿಗೆ ಬಂದುಬಿಡುತ್ತದೆ. ತಡೆದುಕೊಳ್ಳಿ.

ಆಮೇಲೆ, "ಇದು ಹೀಗೇ ಯಾಕಿದೆ? ಬದಲಾಯಿಸಲು ಯಾರ ಕೈಲಿ ಆಗುತ್ತದೆ?" ಅಂತ ಕೇಳಿ. ಬೇಸರ ಹೋಗಿ ಒಂದು ದಾರಿ ಕಾಣಲು ಶುರುವಾಗುವುದು ಈ ಪ್ರಶ್ನೆಯಿಂದ. ಪಟ್ಟಿ ಆಕಾಶದಿಂದ ಬೀಳುವುದಿಲ್ಲ, ಅದನ್ನು ಯಾರೋ ಒಬ್ಬ ಮ್ಯಾನೇಜರ್ ಮಾಡುತ್ತಾರೆ, ಎರಡು ವಾರ ಮೊದಲೇ ಮಾಡಲೂಬಹುದು. ಇದನ್ನು ಅವರ ಬಾಯಿಂದಲೇ ಬರಲು ಬಿಡಿ.

ಕೊನೆಗೆ ಒಂದು ಚಿಕ್ಕ ಕೆಲಸ ಕೇಳಿ. "ನಿಮ್ಮ ಸಾಲಿನಲ್ಲಿರುವ ಇನ್ನಿಬ್ಬರನ್ನು ಇದೇ ಪ್ರಶ್ನೆ ಕೇಳಿ ಬರುತ್ತೀರಾ? ಗುರುವಾರ ಮತ್ತೆ ಸಿಗೋಣ." ಕೆಲಸ ಕೇಳದೆ ಎದ್ದುಬಂದರೆ ಅದು ಕಷ್ಟಸುಖ ಹಂಚಿಕೊಂಡ ಮಾತಷ್ಟೇ ಆಗುತ್ತದೆ. ಗುರುವಾರ ಅಂದರೆ ಗುರುವಾರ ಸಿಗಲೇಬೇಕು. ನಂಬಿಕೆ ಬೆಳೆಯುವುದು ಇಂಥ ಚಿಕ್ಕ ವಿಷಯಗಳಲ್ಲೇ.

ಹೊಸಬಳು

ತುಂಬಾ ಥ್ಯಾಂಕ್ಸ್. ಆದರೆ ಇದು ಬಹಳ ನಿಧಾನ ಅಲ್ವಾ? ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ಹೋದರೆ ಯಾವ ಕಾಲಕ್ಕೆ ಮುಗಿಯುತ್ತದೆ? ನಾನು ಓದಿದ ದೊಡ್ಡ ಹೋರಾಟಗಳೆಲ್ಲ ಒಂದೇ ಸಲ ಸ್ಫೋಟವಾದ ಹಾಗಿವೆ.

ಯೂನಿಯನ್ ಕಾರ್ಯಕರ್ತ

ಹೊರಗಿನಿಂದ ನೋಡಿದರೆ ಹಾಗೆ ಕಾಣುತ್ತದೆ. ಅಮೆರಿಕದ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರವನ್ನೇ ತೆಗೆದುಕೊಳ್ಳಿ. ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆ 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಬಂಧನವಾಯಿತು. ಕೆಲಸ ಮುಗಿಸಿ ಸುಸ್ತಾಗಿದ್ದ ಒಬ್ಬ ಸಾಮಾನ್ಯ ಹೆಂಗಸು ಆ ದಿನ ಇದ್ದಕ್ಕಿದ್ದಂತೆ ಎದುರು ನಿಂತರು ಅನ್ನುವ ಹಾಗೆ ಈ ಕಥೆಯನ್ನು ಹೇಳುತ್ತಾರೆ. ಆದರೆ ಆಕೆ ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಘಟಕದಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿದ್ದರು. ಅದೇ ವರ್ಷದ ಬೇಸಿಗೆಯಲ್ಲಿ ಸಂಘಟಕರಿಗೆ ತರಬೇತಿ ಕೊಡುತ್ತಿದ್ದ ಟೆನೆಸಿಯ ಹೈಲ್ಯಾಂಡರ್ ಶಾಲೆಗೆ ಹೋಗಿ ಬಂದಿದ್ದರು.

ಅದೇ ಊರಿನಲ್ಲಿ ಮಹಿಳಾ ರಾಜಕೀಯ ಮಂಡಳಿ ಅನ್ನುವ ಸಂಘ ಇತ್ತು. ಬಸ್ಸಿನಲ್ಲಿ ಹೀಗೇ ನಡೆಸಿಕೊಂಡರೆ ಜನ ಬಸ್ ಹತ್ತುವುದನ್ನು ನಿಲ್ಲಿಸುತ್ತಾರೆ ಅಂತ ಆ ಸಂಘದ ಪರವಾಗಿ ಜೋ ಆನ್ ರಾಬಿನ್ಸನ್ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದಿದ್ದರು. ಪಾರ್ಕ್ಸ್ ಬಂಧನವಾದ ರಾತ್ರಿ ರಾಬಿನ್ಸನ್ ನಿದ್ದೆ ಮಾಡದೆ ಸಾವಿರಾರು ಕರಪತ್ರಗಳನ್ನು ಅಚ್ಚು ಹಾಕಿದರು. ಬೆಳಗ್ಗೆ ಅವು ಊರೆಲ್ಲ ಹರಡಿದವು. ಯಾವ ಶಾಲೆಯಲ್ಲಿ ಯಾರ ಕೈಗೆ ಕೊಡಬೇಕು, ಯಾವ ಬೀದಿಗೆ ಯಾರು ಹಂಚುತ್ತಾರೆ ಅನ್ನುವುದು ಮೊದಲೇ ಗೊತ್ತಿದ್ದರಿಂದ ಅದು ಸಾಧ್ಯವಾಯಿತು. ಆಮೇಲೆ 381 ದಿನ ಜನ ಬಸ್ ಹತ್ತಲಿಲ್ಲ. ಅಷ್ಟು ದಿನ ಸಾವಿರಾರು ಜನರನ್ನು ಕಾರುಗಳಲ್ಲಿ ಕೆಲಸಕ್ಕೆ ಕರೆದೊಯ್ದು ವಾಪಸ್ ತರುವ ವ್ಯವಸ್ಥೆ ಮಾಡಿಕೊಂಡರು. ಯಾರ ಕಾರು, ಎಷ್ಟು ಗಂಟೆಗೆ, ಎಲ್ಲಿಂದ ಎಲ್ಲಿಗೆ, ಪೆಟ್ರೋಲ್ ದುಡ್ಡು ಯಾರು ಕೊಡುತ್ತಾರೆ ಅನ್ನುವುದನ್ನು ದಿನವೂ ಕೂತು ಹೊಂದಿಸಬೇಕಿತ್ತು.

ನಿಧಾನದ ಕೆಲಸ ಮೊದಲೇ ಆಗಿತ್ತು. ಅದಕ್ಕೇ ಆ ರಾತ್ರಿ ವೇಗವಾಗಿ ಓಡಲು ಆಯಿತು.

ಬೀದಿ ಹೋರಾಟದವಳು

ಸ್ವಲ್ಪ ತಕರಾರು ಇದೆ. ಮೆರವಣಿಗೆ, ಧರಣಿ, ದಿಢೀರ್ ಪ್ರತಿಭಟನೆಗಳಿಂದ ಏನೂ ಆಗುವುದಿಲ್ಲ ಅಂತ ಈ ತಂಗಿಗೆ ಅನಿಸುವುದು ಬೇಡ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಬೀದಿಗೆ ಬಂದದ್ದು ನೆನಪಿದೆಯಾ? ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅನ್ನುವ ನಿಯಮ ಬಂದಿತ್ತು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಸಾವಿರಾರು ಜನ ರಸ್ತೆಯಲ್ಲಿ ನಿಂತರು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮವನ್ನೇ ವಾಪಸ್ ತೆಗೆದುಕೊಂಡಿತು.

ಜನರ ಸಿಟ್ಟು ನಮ್ಮ ತಯಾರಿ ಮುಗಿಯಲಿ ಅಂತ ಕಾಯುವುದಿಲ್ಲ. ಅದು ಬಂದಾಗ ಜೊತೆಗೆ ನಿಲ್ಲುವುದೂ ಸಂಘಟಕರ ಕೆಲಸವೇ. ಮೆರವಣಿಗೆಯಲ್ಲಿ ಇನ್ನೊಂದು ಆಗುತ್ತದೆ. ನಾನೊಬ್ಬಳೇ ಅಲ್ಲ ಅಂತ ಮೊದಲ ಸಲ ಗೊತ್ತಾಗುವುದು ಬಹಳ ಜನರಿಗೆ ಅಲ್ಲೇ.

ಯೂನಿಯನ್ ಕಾರ್ಯಕರ್ತ

ಒಪ್ಪುತ್ತೇನೆ ಅಕ್ಕ, ಆ ಗೆಲುವು ನಿಜವಾದದ್ದು. ನನ್ನ ಚಿಂತೆ ಮಾರನೇ ದಿನದ್ದು. ಪಿಎಫ್ ನಿಯಮ ಹೋಯಿತು. ಆದರೆ ಕಾರ್ಖಾನೆಯ ಒಳಗಿನ ಟಾರ್ಗೆಟ್, ಬೈಗುಳ, ಕೂಲಿ? ದಿನವೂ ಎದುರಿಸಬೇಕಾದ ಅಂಥದ್ದಕ್ಕೆ ಒಳಗೇ ಗಟ್ಟಿಯಾಗಿ ನಿಂತ ಸಂಘ ಬೇಕು. ಮೆರವಣಿಗೆಗೆ ಬಂದವರ ಫೋನ್ ನಂಬರ್ ತೆಗೆದುಕೊಂಡು, ವಾರದೊಳಗೆ ಅವರ ಜೊತೆ ಮಾತಾಡಿದರೆ ನೀವು ಹೇಳುವುದೂ ನಾನು ಹೇಳುವುದೂ ಒಂದೇ ಆಗುತ್ತದೆ.

ಬೀದಿ ಹೋರಾಟದವಳು

ಅದು ಸರಿ. ನಂಬರ್ ತೆಗೆದುಕೊಳ್ಳುವುದಕ್ಕೇ ಇಬ್ಬರನ್ನು ಬಿಡಬೇಕು. ಎಲ್ಲರೂ ಬ್ಯಾನರ್ ಹಿಡಿಯಲು ಹೋಗುತ್ತಾರೆ.

ಬಾಡಿಗೆದಾರರ ಸಂಘದಿಂದ

ನಾನು ಬಾಡಿಗೆ ಮನೆಗಳಲ್ಲಿ ಇರುವವರನ್ನು ಸಂಘಟಿಸುವ ಕೆಲಸದಲ್ಲಿದ್ದೇನೆ. ಕೆಲಸದ ಜಾಗ ಬೇರೆ, ವಠಾರ ಬೇರೆ, ಆದರೆ ಎರಡು ವಿಷಯ ಎಲ್ಲ ಕಡೆಗೂ ಹೊಂದುತ್ತವೆ.

ಒಂದು, ಯಾರ ಜೊತೆ ಮೊದಲು ಮಾತಾಡಬೇಕು ಅನ್ನುವುದು. ಹೊಸಬರು ತಮ್ಮ ಹಾಗೇ ಯೋಚಿಸುವವರ ಹತ್ತಿರ ಹೋಗುತ್ತಾರೆ. ಜೋರಾಗಿ ಮಾತಾಡುವವರನ್ನು ನಾಯಕರು ಅಂದುಕೊಳ್ಳುತ್ತಾರೆ. ನಿಮ್ಮ ಫ್ಲೋರ್‌ನಲ್ಲಿ ಏನಾದರೂ ಗೊಂದಲ ಆದಾಗ ಜನ ಯಾರ ಮುಖ ನೋಡುತ್ತಾರೆ ಅಂತ ಗಮನಿಸಿ. ಹೊಸಬರಿಗೆ ಕೆಲಸ ಹೇಳಿಕೊಡುವವರು, ಯಾರಿಗೋ ಹುಷಾರಿಲ್ಲದಾಗ ಶಿಫ್ಟ್ ಬದಲಿ ಮಾಡಿಕೊಡುವವರು, ಮೇಲಿನವರ ಹತ್ತಿರ ಹೋಗಿ "ಇದು ಸರಿಯಿಲ್ಲ" ಅಂದು ಬರುವವರು. ಅವರಿಗೆ ರಾಜಕೀಯವೇ ಬೇಡ ಅನಿಸಬಹುದು. ನಿಮ್ಮ ವಿಚಾರ ಇಷ್ಟವಾಗದೆಯೂ ಇರಬಹುದು. ಆದರೂ ಅವರು ಬಂದರೆ ಹತ್ತು ಜನ ಬರುತ್ತಾರೆ. ಅಮೆರಿಕದ ಯೂನಿಯನ್ ಸಂಘಟಕಿ ಜೇನ್ ಮೆಕಲೇವಿ ಜೀವನವಿಡೀ ಒತ್ತಿ ಹೇಳುತ್ತಿದ್ದ ಮಾತು ಇದು. ಈಗಾಗಲೇ ಒಪ್ಪಿದವರ ಸುತ್ತಲೇ ಸುತ್ತುತ್ತಿದ್ದರೆ ಸಂಘ ಬೆಳೆಯುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ನಿಮ್ಮ ಫ್ಲೋರ್‌ನ ನಕ್ಷೆ ಬರೆಯಿರಿ. ಯಾರು ಎಲ್ಲಿ ಕೂರುತ್ತಾರೆ, ಯಾವ ಶಿಫ್ಟ್, ಯಾರು ಯಾರ ಜೊತೆ ಊಟ ಮಾಡುತ್ತಾರೆ, ಯಾರು ಒಂದೇ ವಾಹನದಲ್ಲಿ ಬರುತ್ತಾರೆ. ಬರೆದ ಮೇಲೆ ಖಾಲಿ ಜಾಗಗಳು ಕಣ್ಣಿಗೆ ಬೀಳುತ್ತವೆ. ರಾತ್ರಿ ಪಾಳಿಯವರು ಒಬ್ಬರೂ ಗೊತ್ತಿಲ್ಲ ಅನ್ನುವುದು ಅಲ್ಲಿ ಕಾಣುತ್ತದೆ. ಆ ಹಾಳೆ ಮನೆಯಲ್ಲೇ ಇರಲಿ, ಆಫೀಸಿನ ಕಂಪ್ಯೂಟರ್‌ನಲ್ಲಿ ಬೇಡವೇ ಬೇಡ.

ಎರಡು, ಯಾವ ಬೇಡಿಕೆ ಹಿಡಿಯಬೇಕು ಅನ್ನುವುದು. ಬಹಳ ಜನರಿಗೆ ತಟ್ಟಬೇಕು, ಆಳವಾಗಿ ತಟ್ಟಬೇಕು, ಈಗ ಇರುವ ಬಲದಲ್ಲಿ ಗೆಲ್ಲುವ ಹಾಗಿರಬೇಕು, ಹೌದು ಅನ್ನಲು ಅಧಿಕಾರ ಇರುವ ಒಬ್ಬ ವ್ಯಕ್ತಿ ಇರಬೇಕು. "ಶೋಷಣೆ ನಿಲ್ಲಲಿ" ಅನ್ನುವುದಕ್ಕೆ ಯಾರು ಸಹಿ ಹಾಕುತ್ತಾರೆ? "ಶಿಫ್ಟ್ ಪಟ್ಟಿ ಎರಡು ವಾರ ಮೊದಲು ಕೊಡಿ" ಅನ್ನುವುದಕ್ಕೆ ಸಹಿ ಹಾಕಿಸಬಹುದು.

ಬೇಡಿಕೆ ಚಿಕ್ಕದಾಯಿತು ಅಂತ ನಾಚಿಕೊಳ್ಳಬೇಡಿ. 1951ರ ಕಾಗೋಡು ಸತ್ಯಾಗ್ರಹ ನಮಗೆಲ್ಲ ಗೊತ್ತಿದೆ. ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ್ದು. ಒಡೆಯರು ತೆಗೆದುಕೊಳ್ಳುವಾಗ ದೊಡ್ಡ ಕೊಳಗದಲ್ಲಿ ಅಳೆಯುತ್ತಿದ್ದರು. ಜಮೀನ್ದಾರಿ ಪದ್ಧತಿ ಅಂದರೆ ಏನು ಅಂತ ಯಾವ ಉಪನ್ಯಾಸವೂ ಬೇಕಿರಲಿಲ್ಲ, ಕೊಳಗ ಕಣ್ಣೆದುರೇ ಇತ್ತು. ಎಚ್. ಗಣಪತಿಯಪ್ಪನವರು ಆ ಊರುಗಳಲ್ಲಿ ಮೊದಲೇ ರೈತ ಸಂಘದ ಕೆಲಸ ಮಾಡಿದ್ದರು. ಆಮೇಲೆ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು, ವಿಷಯ ದೇಶಕ್ಕೇ ಗೊತ್ತಾಯಿತು. ಅಳತೆಯಿಂದ ಶುರುವಾದ ಮಾತು ಉಳುವವನೇ ಹೊಲದೊಡೆಯ ಅನ್ನುವವರೆಗೆ ಹೋಯಿತು.

ಹೊಸಬಳು

ಕೊಳಗದ ವಿಷಯ ಓದಿ ನನಗೆ ನಮ್ಮ ಶಿಫ್ಟ್ ಪಟ್ಟಿ ಬೇರೆಯದೇ ಥರ ಕಾಣುತ್ತಿದೆ. ನಕ್ಷೆ ಬರೆಯಲು ಶುರು ಮಾಡಿದ್ದೇನೆ. ನಮ್ಮ ಫ್ಲೋರ್‌ನಲ್ಲಿ ನೀವು ಹೇಳಿದಂಥ ಒಬ್ಬರು ಇದ್ದಾರೆ. ಎಲ್ಲರಿಗೂ ಅಕ್ಕನ ಹಾಗೆ. ಅವರಿಗೆ ರಾಜಕೀಯ ಅಂದರೆ ಆಗುವುದಿಲ್ಲ.

ಭಯವೂ ಇದೆ. ಮ್ಯಾನೇಜ್‌ಮೆಂಟ್‌ಗೆ ಗೊತ್ತಾದರೆ?

ಕಾನೂನು ನೆರವಿನ ಕೆಲಸದವಳು

ಭಯ ಸಹಜ. ಅದನ್ನು ಮುಚ್ಚಿಟ್ಟುಕೊಂಡು ಧೈರ್ಯ ತೋರಿಸುವುದಕ್ಕಿಂತ ಏನಾಗಬಹುದು ಅಂತ ತಿಳಿದುಕೊಂಡು ಹೆಜ್ಜೆ ಇಡುವುದು ಒಳ್ಳೆಯದು.

ಸಂಘ ಕಟ್ಟಿಕೊಳ್ಳುವುದು ಅಪರಾಧವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1948ರ 87ನೇ ಒಪ್ಪಂದ ಸಂಘ ಕಟ್ಟುವ ಹಕ್ಕನ್ನು ಹೇಳುತ್ತದೆ. 1949ರ 98ನೇ ಒಪ್ಪಂದ ಸಾಮೂಹಿಕ ಮಾತುಕತೆಯ ಹಕ್ಕಿನ ಬಗ್ಗೆ ಇದೆ, ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದರಿಂದ ರಕ್ಷಣೆ ಇರಬೇಕು ಅಂತಲೂ ಹೇಳುತ್ತದೆ. ಆದರೆ ದೇಶ ದೇಶಕ್ಕೆ ಕಾನೂನು ಬೇರೆ. ಕಾಗದದಲ್ಲಿರುವ ರಕ್ಷಣೆ ನಿಜವಾಗಿ ಸಿಗಲು ವರ್ಷಗಟ್ಟಲೆ ಕೇಸು ನಡೆಸಬೇಕಾಗಬಹುದು. ಆದ್ದರಿಂದ ನಿಮ್ಮ ಕ್ಷೇತ್ರದಲ್ಲಿ ಈಗಾಗಲೇ ಇರುವ ಯೂನಿಯನ್ ಮತ್ತು ಕಾರ್ಮಿಕ ಕಾನೂನು ಗೊತ್ತಿರುವ ವಕೀಲರು, ಇವರಿಬ್ಬರನ್ನೂ ಮೊದಲೇ ಮಾತಾಡಿಸಿಡಿ. ತೊಂದರೆ ಬಂದ ಮೇಲೆ ಹುಡುಕಬೇಡಿ.

ಆಫೀಸಿನ ಈಮೇಲ್, ಆಫೀಸಿನ ಚಾಟ್, ಆಫೀಸಿನ ವೈಫೈ ಇವುಗಳಲ್ಲಿ ಒಂದಕ್ಷರವೂ ಬೇಡ. ದೊಡ್ಡ ವಾಟ್ಸಾಪ್ ಗ್ರೂಪ್ ಬೇಡ. ಅಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದರೆ ಎಲ್ಲರ ಹೆಸರೂ ಒಟ್ಟಿಗೆ ಸಿಗುತ್ತದೆ. ನಿಮ್ಮ ಹಾಜರಿ, ಕೆಲಸದ ಗುಣಮಟ್ಟ ಸರಿಯಾಗಿರಲಿ, ಬೇರೆ ನೆಪ ಸಿಗಬಾರದು. ಮೇಲಿನವರು ಕರೆದು ಮಾತಾಡಿದರೆ ತಾರೀಖು, ಸಮಯ, ಯಾರು, ಏನು ಅಂದರು ಅಂತ ಅದೇ ದಿನ ಬರೆದಿಡಿ.

ಹಾಗಂತ ಯಾರ ಮೇಲೂ ಸುಮ್ನೆ ಅನುಮಾನ ಪಡುತ್ತಾ ಕೂರಬೇಡಿ. ಬೇಹುಗಾರರು ಇದ್ದಾರೋ ಇಲ್ಲವೋ ಅನ್ನುವ ಪಿಸುಮಾತೇ ಎಷ್ಟೋ ಸಂಘಗಳನ್ನು ಒಡೆದಿದೆ. ಎಲ್ಲಕ್ಕಿಂತ ದೊಡ್ಡ ರಕ್ಷಣೆ ಸಂಖ್ಯೆ. ಒಬ್ಬರು ಹೋಗಿ ಮನವಿ ಕೊಟ್ಟರೆ ಒಬ್ಬರ ಮೇಲೆ ಕಣ್ಣು. ಮೂವತ್ತು ಜನ ಒಟ್ಟಿಗೆ ಹೋದರೆ ಯಾರ ಮೇಲೆ ಅಂತ ಕಣ್ಣು ಹಾಕುತ್ತಾರೆ? ಅದಕ್ಕೇ ಸಂಖ್ಯೆ ಸಾಕಷ್ಟು ಆಗುವವರೆಗೆ ಬಹಿರಂಗವಾಗಿ ಏನೂ ಬೇಡ.

ಯೂನಿಯನ್ ಕಾರ್ಯಕರ್ತ

ಸಂಖ್ಯೆ ಸಾಕಾಯಿತಾ ಅಂತ ತಿಳಿಯಲು ಊಹೆ ಬೇಡ, ಚಿಕ್ಕ ಪರೀಕ್ಷೆ ಮಾಡಿ. "ನಿಮ್ಮ ಜೊತೆ ಇದ್ದೇವೆ" ಅನ್ನುವುದು ಸುಲಭ. ಒಂದು ದಿನ ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಬರೋಣ ಅಂತ ಹೇಳಿ, ಎಷ್ಟು ಜನ ಹಾಕಿದರು ಅಂತ ನಕ್ಷೆಯಲ್ಲಿ ಗುರುತು ಮಾಡಿ. ಮುಂದಿನದು ಮನವಿಗೆ ಸಹಿ. ಅದರ ಮುಂದಿನದು ಒಟ್ಟಿಗೆ ಮ್ಯಾನೇಜರ್ ಹತ್ತಿರ ಹೋಗುವುದು. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಸ್ವಲ್ಪ ಜಾಸ್ತಿ ಧೈರ್ಯ ಕೇಳಬೇಕು. ಎಲ್ಲಿ ಸಂಖ್ಯೆ ಇಳಿಯುತ್ತದೋ ಅಲ್ಲಿ ನಿಂತು, ಆ ಸಾಲಿನವರ ಜೊತೆ ಮತ್ತೆ ಮಾತು.

ದೊಡ್ಡ ಹೆಜ್ಜೆ ಇಡುವ ಮೊದಲು ಅದರಿಂದ ಹೊರಬರುವ ದಾರಿಯನ್ನೂ ಯೋಚಿಸಬೇಕು. 1982ರ ಜನವರಿ 18ರಂದು ಮುಂಬೈ ಬಟ್ಟೆ ಗಿರಣಿಗಳ ಸುಮಾರು 2.5 ಲಕ್ಷ ಕಾರ್ಮಿಕರು ದತ್ತಾ ಸಾಮಂತ್ ನೇತೃತ್ವದಲ್ಲಿ ಅನಿರ್ದಿಷ್ಟ ಮುಷ್ಕರಕ್ಕೆ ಇಳಿದರು. ಅವರ ಕೆಚ್ಚಿಗೆ ಯಾವ ಕೊರತೆಯೂ ಇರಲಿಲ್ಲ. ತಿಂಗಳುಗಟ್ಟಲೆ ಹಸಿದು ನಿಂತರು. ಮಾಲೀಕರು ಮಣಿಯಲಿಲ್ಲ, ಸರ್ಕಾರ ಮಾತುಕತೆಗೆ ಬರಲಿಲ್ಲ. ಮುಷ್ಕರ ಮುಗಿಯಿತು ಅಂತ ಯಾರೂ ಘೋಷಿಸಲೇ ಇಲ್ಲ, ಹಾಗೇ ಕರಗಿತು. ಎಷ್ಟೋ ಗಿರಣಿಗಳು ಮುಚ್ಚಿದವು, ಹತ್ತಾರು ಸಾವಿರ ಜನ ಕೆಲಸ ಕಳೆದುಕೊಂಡರು. ಆ ಕಾರ್ಮಿಕರ ಬಗ್ಗೆ ನನಗೆ ಅಪಾರ ಗೌರವ ಇದೆ. ಅದಕ್ಕೇ ಹೊಸಬರಿಗೆ ಇದನ್ನು ಹೇಳುತ್ತೇನೆ: ಎಷ್ಟು ದಿನ ತಡೆದುಕೊಳ್ಳಬಲ್ಲೆವು, ಎಷ್ಟು ಸಿಕ್ಕರೆ ಒಪ್ಪುತ್ತೇವೆ ಅನ್ನುವುದನ್ನು ಮೊದಲೇ ಎಲ್ಲರೂ ಕೂತು ತೀರ್ಮಾನಿಸಿ.

ವಿದ್ಯಾರ್ಥಿ ಸಂಘಟನೆಯಲ್ಲಿದ್ದವನು

ಪಕ್ಷ ಸೇರಬೇಕಾ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಕೆಲಸದ ಜಾಗದ ಸಂಘಟನೆ ಒಂದೇ ಸಾಕು ಅಂತ ನನಗೆ ಅನಿಸುವುದಿಲ್ಲ. ಶಿಫ್ಟ್ ಪಟ್ಟಿ ಗೆದ್ದ ಮೇಲೂ ಬಾಡಿಗೆ, ಆಸ್ಪತ್ರೆ, ಕಾನೂನು ಇವೆಲ್ಲ ಕಂಪನಿಯ ಹೊರಗೇ ಇರುತ್ತವೆ. ಅವುಗಳ ಬಗ್ಗೆ ಯೋಚಿಸುವ, ನಿಮಗಿಂತ ಹಳಬರಿರುವ ಒಂದು ಸಂಘಟನೆ ಬೇಕು.

ಸೇರುವ ಮೊದಲು ಎರಡು ಮೂರು ಸಭೆಗಳಿಗೆ ಸುಮ್ಮನೆ ಹೋಗಿ ನೋಡಿ. ಪ್ರಣಾಳಿಕೆ ಓದುವುದಕ್ಕಿಂತ ಇದು ಜಾಸ್ತಿ ಹೇಳುತ್ತದೆ. ಹೊಸಬರನ್ನು ಯಾರಾದರೂ ಮಾತಾಡಿಸುತ್ತಾರಾ? ಹೆಣ್ಣುಮಕ್ಕಳು, ಕೆಳಗಿನ ಸ್ತರದ ಕೆಲಸದವರು ಮಾತಾಡುತ್ತಾರಾ ಅಥವಾ ಕುರ್ಚಿ ಜೋಡಿಸುತ್ತಾರಾ? ಹಿಂದಿನ ಸಭೆಯಲ್ಲಿ ಒಪ್ಪಿಕೊಂಡ ಕೆಲಸ ಏನಾಯಿತು ಅಂತ ಯಾರಾದರೂ ಕೇಳುತ್ತಾರಾ? ಹಣದ ಲೆಕ್ಕ ಸದಸ್ಯರ ಮುಂದೆ ಇಡುತ್ತಾರಾ? ಪದಾಧಿಕಾರಿಗಳ ಚುನಾವಣೆ ನಡೆಯುತ್ತದಾ? ಭಿನ್ನಾಭಿಪ್ರಾಯ ಹೇಳಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಕಿರುಕುಳದ ದೂರು ಬಂದರೆ ಯಾರು, ಹೇಗೆ ನೋಡುತ್ತಾರೆ? ಕೊನೆಯ ಎರಡಕ್ಕೆ ತೃಪ್ತಿಯ ಉತ್ತರ ಸಿಗದಿದ್ದರೆ ಅಲ್ಲಿಂದ ಹೊರಡಿ. ಅವರ ಸಿದ್ಧಾಂತ ಎಷ್ಟೇ ಸರಿಯಿದ್ದರೂ ಹೊರಡಿ.

ಎಡದಲ್ಲಿ ಪಕ್ಷಗಳ ನಡುವೆ ಹಳೇ ಜಗಳಗಳಿವೆ. ಯಾವ ದೇಶದ ಕ್ರಾಂತಿಯಲ್ಲಿ ಯಾರು ಸರಿ ಅನ್ನುವುದರ ಮೇಲೆ ಇಡೀ ಸಂಜೆ ಹೋಗುತ್ತದೆ. ಆ ಚರಿತ್ರೆ ಮುಖ್ಯ, ಕಲಿಯಬೇಕು. ಆದರೆ ಯಾವ ಸಂಘಟನೆಯ ಸದಸ್ಯರು ವಾರದಲ್ಲಿ ಜಾಸ್ತಿ ಹೊತ್ತು ಹೊರಗಿನ ಜನರ ಜೊತೆ ಕಳೆಯುತ್ತಾರೋ ಅಂಥದ್ದನ್ನು ಆರಿಸಿಕೊಳ್ಳಿ.

ಬೀದಿ ಹೋರಾಟದವಳು

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ನಮಗಿಂತ ಬೇರೆ ವಿಚಾರದವರ ಜೊತೆ ನಿಲ್ಲುವುದನ್ನು ಹೊಸಬರು ಬೇಗ ಕಲಿಯಬೇಕು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್‌ನ ಹೆಂಗಸರು ಒಂದು ದಿನ ಆಫೀಸಿಗೂ ಹೋಗಲಿಲ್ಲ, ಮನೆಗೆಲಸವನ್ನೂ ಮಾಡಲಿಲ್ಲ. ಸುಮಾರು 90% ಹೆಂಗಸರು ಅದರಲ್ಲಿದ್ದರು. ಎಡ ಸ್ತ್ರೀವಾದಿ ಗುಂಪೊಂದು ಮುಷ್ಕರ ಅಂತಲೇ ಕರೆಯಬೇಕು ಅಂದಿತ್ತು. ಬಲ ವಿಚಾರದ ಹೆಂಗಸರು ಹಿಂಜರಿದರು. ಕೊನೆಗೆ ಹೆಂಗಸರ ರಜೆಯ ದಿನ ಅಂತ ಕರೆಯಲು ಒಪ್ಪಿದರು, ಎಲ್ಲರೂ ಬಂದರು. ಮುಂದಿನ ವರ್ಷ ಸಮಾನತೆಯ ಕಾನೂನು ಬಂತು. ಹೆಸರಿನ ವಿಷಯದಲ್ಲಿ ಬಿಟ್ಟುಕೊಟ್ಟರು, ಕೆಲಸ ನಿಲ್ಲಿಸುವ ವಿಷಯದಲ್ಲಿ ಬಿಟ್ಟುಕೊಡಲಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅನ್ನುವ ಈ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಲೆಕ್ಕ ನೋಡಿಕೊಳ್ಳುವವಳು

ಎಲ್ಲರೂ ಹೋರಾಟದ ಮಾತಾಡುತ್ತಿದ್ದೀರಿ, ನಾನು ಸಭೆ ಮತ್ತು ದುಡ್ಡಿನ ಬಗ್ಗೆ ಹೇಳುತ್ತೇನೆ. ಸಂಘಗಳು ಮುರಿದು ಬೀಳುವುದನ್ನು ನಾನು ಇಲ್ಲಿ ಜಾಸ್ತಿ ನೋಡಿದ್ದೇನೆ.

ಸಭೆ ಹೇಳಿದ ಹೊತ್ತಿಗೆ ಶುರುವಾಗಬೇಕು, ಹೇಳಿದ ಹೊತ್ತಿಗೆ ಮುಗಿಯಬೇಕು. ದುಡಿದು ಬಂದವರ ಒಂದು ಗಂಟೆ ಬಹಳ ದುಬಾರಿ. ಏನೇನು ತೀರ್ಮಾನ ಆಗಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಮುಗಿಯುವಾಗ ಪ್ರತಿ ಕೆಲಸಕ್ಕೂ ಒಂದು ಹೆಸರು, ಒಂದು ತಾರೀಖು ಇರಬೇಕು. "ಯಾರಾದರೂ ನೋಡಿಕೊಳ್ಳೋಣ" ಅಂತ ಬಿಟ್ಟದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ. ನಡಾವಳಿ ಬರೆಯುವುದು, ಜಾಗ ಗುಡಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು ಇವೆಲ್ಲ ಸರದಿಯ ಮೇಲೆ ನಡೆಯಲಿ, ಗಂಡಸರೂ ಸೇರಿ. ಸರದಿ ಹಾಕದಿದ್ದರೆ ಇವೆಲ್ಲ ತಾವಾಗಿಯೇ ಹೆಣ್ಣುಮಕ್ಕಳ ತಲೆಗೆ ಬರುತ್ತವೆ, ನಾಯಕತ್ವ ಗಂಡಸರ ಕೈಯಲ್ಲೇ ಉಳಿಯುತ್ತದೆ.

ಸದಸ್ಯರಿಂದ ಚಂದಾ ತೆಗೆದುಕೊಳ್ಳಿ, ಚಿಕ್ಕ ಮೊತ್ತವಾದರೂ ಸರಿ. ಕ್ಯಾಲಿಫೋರ್ನಿಯಾದಲ್ಲಿ ಸೀಜರ್ ಚಾವೇಸ್ ಮತ್ತು ಡೊಲೊರೆಸ್ ವೆರ್ಟಾ 1962ರಲ್ಲಿ ಹೊಲದ ಕೂಲಿಗಳ ಸಂಘ ಕಟ್ಟಿದಾಗ ಮನೆ ಮನೆಯಲ್ಲಿ ಚಿಕ್ಕ ಸಭೆ ನಡೆಸುತ್ತಿದ್ದರು. ಅಷ್ಟು ಬಡವರಿಂದಲೂ ತಿಂಗಳಿಗೆ 3.50 ಡಾಲರ್ ಚಂದಾ ತೆಗೆದುಕೊಂಡರು. ಸಾಲ ಕೊಡುವ ಸಹಕಾರಿ ಸಂಸ್ಥೆಯನ್ನೂ ನಡೆಸಿದರು. ಕೊಡುವವರಿಗೆ ಅದು ನಮ್ಮ ಸಂಘ ಅನಿಸುತ್ತದೆ, ಹೊರಗಿನ ದಾನಿಯ ಮಾತು ಕೇಳುವ ಅಗತ್ಯ ಬರುವುದಿಲ್ಲ. 1965ರಲ್ಲಿ ಲ್ಯಾರಿ ಇಟ್ಲಿಯಾಂಗ್ ಜೊತೆ ಫಿಲಿಪಿನೋ ಕೂಲಿಗಳು ಡೆಲಾನೋದಲ್ಲಿ ದ್ರಾಕ್ಷಿ ತೋಟದ ಮುಷ್ಕರ ಶುರು ಮಾಡಿದಾಗ ಈ ಸಂಘವೂ ಸೇರಿಕೊಂಡಿತು. ಒಪ್ಪಂದ ಸಿಗಲು 1970ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಉಸಿರು ಹಿಡಿಯಲು ಬರೀ ಉತ್ಸಾಹ ಸಾಕಾಗುವುದಿಲ್ಲ.

ಲೆಕ್ಕ ಯಾರು ಬೇಕಾದರೂ ನೋಡುವ ಹಾಗಿರಲಿ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರಿಂದ ಹಳ್ಳಿಗಳಲ್ಲಿ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿ, ಸರ್ಕಾರಿ ಕಾಮಗಾರಿಗಳ ಕೂಲಿ ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿತು. ಕೆಲಸ ಮಾಡದವರ ಹೆಸರು, ಸತ್ತವರ ಹೆಸರು ಹೊರಬಂದವು. ಆ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಹೋಯಿತು. ಬೇರೆಯವರ ಲೆಕ್ಕ ಕೇಳುವ ನಾವು ನಮ್ಮ ಲೆಕ್ಕವನ್ನು ಮೊದಲು ಇಡಬೇಕು.

ಬಾಡಿಗೆದಾರರ ಸಂಘದಿಂದ

ಓದಿನ ಬಗ್ಗೆ: ಬಿಡಬೇಡಿ. ಆದರೆ ಒಬ್ಬರೇ ಓದುವುದನ್ನು ಕಡಿಮೆ ಮಾಡಿ. ನಾಲ್ಕೈದು ಸಹೋದ್ಯೋಗಿಗಳು ಸೇರಿ ನಾಲ್ಕು ಪುಟ ಓದಿ, ನಮ್ಮ ಫ್ಲೋರ್‌ನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಮಾತಾಡಿ. ಕಂಪನಿಯ ವಾರ್ಷಿಕ ವರದಿ ಸಾರ್ವಜನಿಕವಾಗಿ ಸಿಗುವುದಾದರೆ ಅದನ್ನೂ ಓದಿ. ಲಾಭ ಎಷ್ಟು, ಸಂಬಳದ ಖರ್ಚು ಎಷ್ಟು ಅಂತ ಒಟ್ಟಿಗೆ ಲೆಕ್ಕ ಹಾಕಿದರೆ ಅದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ಹೊಸಬಳು

ಎಲ್ಲರಿಗೂ ಥ್ಯಾಂಕ್ಸ್. ಆ ಅಕ್ಕನ ಜೊತೆ ಕೂತು ಮಾತಾಡಿದೆ. ಅವರ ಮಗಳಿಗೆ ಆಸ್ತಮಾ ಇದೆಯಂತೆ. ಪಟ್ಟಿ ತಡವಾಗಿ ಬರುವುದರಿಂದ ಡಾಕ್ಟರ್ ಅಪಾಯಿಂಟ್‌ಮೆಂಟ್ ಪದೇ ಪದೇ ತಪ್ಪುತ್ತದೆಯಂತೆ. ಇಷ್ಟು ದಿನ ಪಕ್ಕದಲ್ಲೇ ಇದ್ದರೂ ನನಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಮಾತಾಡಿದರು. ಆದರೆ ಕೊನೆಗೆ, "ಇಲ್ಲಿ ಏನೂ ಬದಲಾಗುವುದಿಲ್ಲ, ಹಿಂದೆ ಒಬ್ಬರು ಮನವಿ ಬರೆದು ಕೆಲಸ ಕಳೆದುಕೊಂಡರು" ಅಂದರು. ನಾನು ಏನೂ ಹೇಳಲಾಗಲಿಲ್ಲ. ಇನ್ನು ಮುಂದೆ?

ಯೂನಿಯನ್ ಕಾರ್ಯಕರ್ತ

ನೀವು ಆಗಲೇ ಒಳ್ಳೆಯ ಕೆಲಸ ಮಾಡಿದ್ದೀರಿ. ಅವರು ಬೇಡ ಅನ್ನಲಿಲ್ಲ, ಭಯ ಹೇಳಿಕೊಂಡರು. ಆ ಭಯಕ್ಕೆ ಕಾರಣವೂ ಇದೆ, ಅದನ್ನು ಅಲ್ಲಗಳೆಯಬೇಡಿ.

ಮತ್ತೆ ಅವರ ಹತ್ತಿರ ಹೋಗಿ. ಮಗಳು ಹೇಗಿದ್ದಾಳೆ ಅಂತ ಮೊದಲು ಕೇಳಿ, ನಿಜವಾಗಿಯೂ ಕೇಳಿ. ಆಮೇಲೆ ಹಿಂದೆ ನಡೆದದ್ದನ್ನು ಪೂರ್ತಿ ಹೇಳಿಸಿಕೊಳ್ಳಿ. ಆ ಮನವಿಗೆ ಎಷ್ಟು ಜನ ಸಹಿ ಹಾಕಿದ್ದರು? ಅವರು ಒಬ್ಬರೇ ಹೋಗಿದ್ದರಾ? ಕೆಲಸ ಹೋದಾಗ ಉಳಿದವರು ಏನು ಮಾಡಿದರು? "ಆ ದಿನ ಫ್ಲೋರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಜೊತೆಗಿದ್ದಿದ್ದರೆ ಏನಾಗುತ್ತಿತ್ತು?" ಅಂತ ಕೇಳಿ, ಉತ್ತರ ಅವರೇ ಹೇಳಲಿ.

ಅವರಿಂದ ಈಗ ಸಹಿ ಕೇಳಬೇಡಿ, ಸಭೆಗೆ ಬನ್ನಿ ಅಂತಲೂ ಬೇಡ. ಪಟ್ಟಿಯಿಂದ ಇದೇ ಥರ ಕಷ್ಟಪಡುವ ಇನ್ನೊಬ್ಬರು ಯಾರು ಅಂತ ಕೇಳಿ, ಅವರಿಗೆ ನಿಮ್ಮ ಪರಿಚಯ ಮಾಡಿಸುತ್ತಾರಾ ಅಂತ ಕೇಳಿ. ಅದಕ್ಕೆ ಒಪ್ಪಿದರೆ ಮುಂದಿನ ಮಾತು ಮೂವರ ನಡುವೆ ನಡೆಯುತ್ತದೆ. ಒಪ್ಪದಿದ್ದರೆ ಮನಸ್ಸು ಕೆಡಿಸಿಕೊಳ್ಳಬೇಡಿ, ಸ್ನೇಹ ಉಳಿಸಿಕೊಳ್ಳಿ, ನಕ್ಷೆಯಲ್ಲಿ ಮುಂದಿನ ಹೆಸರಿನ ಹತ್ತಿರ ಹೋಗಿ. ರಾತ್ರಿ ಪಾಳಿಯವರಲ್ಲಿ ಯಾರಾದರೂ ಸಿಕ್ಕರಾ? ಅವರ ವಿಷಯ ಬರೆಯಿರಿ, ಇಲ್ಲೇ ಮಾತಾಡೋಣ.